ಶಾಖಕ್ಕೆ ಬೆಲೆ ಬರೆಯದ ಲೆಕ್ಕ

ಪುಟ್ಟಿ, ಮರಿ, ಇಬ್ಬರೂ ಕೇಳಿ. ಹೋದ ದಸರಾ ರಜೆಗೆ ಬಂದಾಗ ಗಾಣದ ಮನೆಯ ಹಿಂದಿನ ಗೋಡೆಯಲ್ಲಿ ಎರಡು ದುಂಡು ತೂತು ನೋಡಿ ಇದು ಯಾಕೆ ಎಂದು ಕೇಳಿದಿರಿ. ಹಿಂದೆ ಒಂದು ಮಿಷನ್ನು ಇತ್ತು ಎಂದಷ್ಟೇ ಹೇಳಿ ನಾನು ಒಲೆಯ ಮೇಲಿನ ರೊಟ್ಟಿ ಮಗುಚಲು ಹೋದೆ. ಬಾಯಲ್ಲಿ ಹೇಳುವುದು ನನಗೆ ಕಷ್ಟ. ನಾಲ್ಕು ಜನ ನನ್ನ ಕಡೆ ತಿರುಗಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಬರೆಯುವಾಗ ಯಾರೂ ಮುಖ ನೋಡುತ್ತಿರುವುದಿಲ್ಲ.

ಆ ತೂತುಗಳನ್ನು ಬಿಸಿನೀರಿನ ಕೊಳವೆ ಹೋಗಿ ಬರಲೆಂದು ಕೊರೆಸಿದ್ದು. ಆ ಬಿಸಿನೀರು ನಿಮ್ಮ ತಾತನನ್ನು ಹೊಗೆಯಿಂದ ಬಿಡಿಸಬೇಕಿತ್ತು. ಒಂದು ವರ್ಷ ಬಿಡಿಸಿತು. ಆಮೇಲೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ನಮ್ಮ ಕಡೆ ತೆಂಗಿನ ತೋಟ ಇರುವವರು ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ವರ್ಷದ ಹತ್ತಿರ ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಇಳಿಸಿ ಸುಲಿದು ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಅದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಆದರೆ ಎಲ್ಲ ಕಾಯೂ ಉಂಡೆಯಾಗುವುದಿಲ್ಲ. ಬಿರುಕು ಬಿಟ್ಟದ್ದು, ಕೆಡವುವಾಗ ಕಲ್ಲಿಗೆ ಬಿದ್ದದ್ದು, ತೀರ ಸಣ್ಣದು, ಇಂಥವನ್ನು ನಿಮ್ಮ ತಾತ ದಬ್ಬೇಘಟ್ಟದ ಆಚೆಯ ತನಕ ಹೋಗಿ ತೋಟತೋಟದಲ್ಲಿ ಕೊಂಡು ತರುತ್ತಿದ್ದರು. ಅವನ್ನು ಹೋಳು ಮಾಡಿ, ಒಣಗಿಸಿ, ಎಣ್ಣೆ ತೆಗೆಯುವುದು ನಮ್ಮ ಮನೆಯ ಕಸುಬು. ಹೆಸರಿಗೆ ಗಾಣ, ತಿರುಗಿಸುವುದು ಮೋಟಾರು.

ಬೇಸಿಗೆಯಲ್ಲಿ ಒಣಗಿಸಲು ಅಂಗಳ ಸಾಕು. ಮುಂಗಾರು ಹಿಡಿದ ಮೇಲೆ ದೀಪಾವಳಿಯವರೆಗೆ ಗೂಡು ಬೇಕು. ಗೂಡು ಎಂದರೆ ಈಗ ಸೌದೆ ತುಂಬಿರುವ ಆ ಕಿಟಕಿಯಿಲ್ಲದ ಮಣ್ಣಿನ ಕೋಣೆ. ಎದೆಯೆತ್ತರದಲ್ಲಿ ಬಿದಿರಿನ ತಡಿಕೆ, ಅದರ ಮೇಲೆ ಹೋಳು. ಕೆಳಗೆ ನೆಲದ ಮೇಲೆ ಚಿಪ್ಪುಗಳನ್ನು ಒಂದರೊಳಗೊಂದು ಸೇರಿಸಿ ಉದ್ದಕ್ಕೆ ಸಾಲು ಹಾಕಿ ಒಂದು ತುದಿಗೆ ಬೆಂಕಿ ಇಡುವುದು. ಬೆಂಕಿ ಚಿಪ್ಪಿನಿಂದ ಚಿಪ್ಪಿಗೆ ನಿಧಾನವಾಗಿ ದಾಟಬೇಕು. ಜೋರಾದರೆ ಹೋಳು ಕಪ್ಪಾಗಿ ಎಣ್ಣೆಗೆ ವಾಸನೆ ಹಿಡಿಯುತ್ತದೆ, ತಣ್ಣಗಾದರೆ ಬೂಷ್ಟು ಬರುತ್ತದೆ. ಅದಕ್ಕೇ ನಿಮ್ಮ ತಾತ ಆ ಕೆಲಸವನ್ನು ಯಾರ ಕೈಗೂ ಬಿಡಲಿಲ್ಲ. ಬಗ್ಗಿ ಒಳಗೆ ಹೋಗಿ ಸಾಲು ಸರಿಮಾಡಿ ಕಣ್ಣೊರೆಸಿಕೊಂಡು ಹೊರಗೆ ಬರುವರು, ಸ್ವಲ್ಪ ಹೊತ್ತಿಗೆ ಮತ್ತೆ ಹೋಗುವರು. ನಾನು ಮದುವೆಯಾಗಿ ಬಂದಾಗಿನಿಂದ ಅವರ ಪಂಚೆಗೆ ಅದೇ ಹೊಗೆಯ ವಾಸನೆ. ಒಗೆದು ಮಡಿಸಿಟ್ಟರೂ ಬಿಡುತ್ತಿರಲಿಲ್ಲ.

ಕೆಮ್ಮು ಯಾವಾಗ ಶುರುವಾಯಿತೆಂದು ಹೇಳಲಾರೆ. ಮೊದಮೊದಲು ಮಳೆಗಾಲದಲ್ಲಿ ಬಂದು ಸಂಕ್ರಾಂತಿಗೆ ಹೋಗುತ್ತಿತ್ತು. ಆಮೇಲೆ ಹೋಗಲೇ ಇಲ್ಲ. ತಿಪಟೂರಿನಲ್ಲಿ ಡಾಕ್ಟರು ಎದೆಯ ಫೋಟೊ ತೆಗೆಸಿ, "ಇನ್ನು ಹೊಗೆ ಬಿಡಬೇಕು ಯಜಮಾನ್ರೇ" ಎಂದರು.

"ನಾನು ಬೀಡಿ ಮುಟ್ಟಿದೋನಲ್ಲ ಸ್ವಾಮಿ."

"ಗೂಡೇ ನಿಮ್ಮ ಬೀಡಿ. ಮನೆಯಷ್ಟು ದೊಡ್ಡದು ಸೇದಿದ್ದೀರಿ. ಹಿಂಗೇ ಸೇದ್ತಾ ಹೋದ್ರೆ ಉಸಿರು ಸಾಲಲ್ಲ."

ಬಸ್ಸಿನಲ್ಲಿ ಬರುವಾಗ ನಿಮ್ಮ ತಾತ ಆ ಮಾತನ್ನು ನೆನೆಸಿಕೊಂಡು ನಗುತ್ತಿದ್ದರು. ನಗುವಾಗಲೂ ಕೆಮ್ಮು ಬಂತು. ನನಗೆ ನಗು ಬರಲಿಲ್ಲ.

ನಿಮ್ಮಮ್ಮ ಆಗಲೇ ತಿಪಟೂರಿನ ಕಾಲೇಜಿನಲ್ಲಿ ವಾಣಿಜ್ಯ ಹೇಳಿಕೊಡುತ್ತಿದ್ದಳು. ಒಬ್ಬ ಇಂಜಿನಿಯರಮ್ಮ ಅವರ ಕಾಲೇಜಿಗೆ ಬಂದು ಬಿಸಿಲಿನ ಕರೆಂಟಿನ ಬಗ್ಗೆ ಮಾತಾಡಿದ್ದರಂತೆ. ಕರೆಂಟೂ ಶಾಖವೂ ಒಟ್ಟಿಗೆ ಬೇಕಾದ ಸಣ್ಣ ಕಸುಬು ಎಲ್ಲಾದರೂ ಇದೆಯೇ, ನಮ್ಮ ಕಂಪನಿಯವರು ಒಂದು ವರ್ಷ ಪರೀಕ್ಷೆಗೆ ಇಡುತ್ತೇವೆ ಎಂದಿದ್ದಕ್ಕೆ ನಿಮ್ಮಮ್ಮ ಆ ಭಾನುವಾರವೇ ಅವರನ್ನು ನಮ್ಮ ಅಂಗಳಕ್ಕೆ ಕರೆದುಕೊಂಡು ಬಂದಳು.

ಇಂಜಿನಿಯರಮ್ಮ ಜಗಲಿಯ ಮೇಲೆ ಕೂತು ವಿವರಿಸಿದರು. ಸೂರಿನ ಮೇಲೆ ಸೋಲಾರ್ ಹಲಗೆ ಹಾಕುವುದು. ಬಿಸಿಲಿರುವಾಗ ಅದರ ಕರೆಂಟಿನಲ್ಲಿ ಗಾಣ ತಿರುಗುತ್ತದೆ. ಮಿಕ್ಕಿದ ಕರೆಂಟು ನೀರನ್ನು ಒಡೆದು ಹೈಡ್ರೋಜನ್ ಎಂಬ ಅನಿಲ ಮಾಡುತ್ತದೆ. ಅದನ್ನು ಸಿಲಿಂಡರಿನಲ್ಲಿ ತುಂಬಿಟ್ಟು, ಬಿಸಿಲು ಹೋದ ಮೇಲೆ ಫ್ಯೂಯೆಲ್ ಸೆಲ್ ಎಂಬ ಪೆಟ್ಟಿಗೆಗೆ ಬಿಟ್ಟರೆ ಬೆಂಕಿಯಿಲ್ಲದೆ ಮತ್ತೆ ಕರೆಂಟು. ಹಾಗೆ ಮಾಡುವಾಗ ಪೆಟ್ಟಿಗೆ ಬಿಸಿಯಾಗುತ್ತದೆ. ಆ ಬಿಸಿಯನ್ನು ನೀರಿಗೆ ಹಿಡಿದು ಕೊಳವೆಯಲ್ಲಿ ಗೂಡಿನೊಳಗೆ ತಿರುಗಿಸಿದರೆ ಹೋಳು ಒಣಗುತ್ತದೆ. ಹೊಗೆ ಇಲ್ಲ.

ಕಾಯಿ ಒಡೆಯುವ ಹೆಂಗಸರು ಕತ್ತಿ ಕೆಳಗಿಟ್ಟು ಕೇಳುತ್ತಿದ್ದರು. ಅವರಲ್ಲಿ ಹಿರಿಯಳು, ನಮ್ಮ ಅತ್ತೆಯ ಕಾಲದಿಂದ ನಮ್ಮ ಮನೆಗೆ ಬರುತ್ತಿದ್ದವಳು, ಪಕ್ಕದವಳಿಗೆ ಹೇಳಿದಳು: "ನೋಡ್ದೇನೇ, ನಾವು ಕಾಯಿ ಒಡೀತೀವಿ, ಈವಮ್ಮ ನೀರು ಒಡೀತಾಳಂತೆ."

"ಅವಳ ಕೂಲಿ ಎಷ್ಟು ಕೇಳಕ್ಕ."

ಇಂಜಿನಿಯರಮ್ಮನಿಗೂ ಕೇಳಿಸಿತು. ನಕ್ಕರು. ಆಮೇಲೆ, "ಅದೇ ಮುಖ್ಯ ನೋಡಿ, ಕೂಲಿ" ಎಂದು ನಿಮ್ಮ ತಾತನ ಕಡೆ ತಿರುಗಿದರು. "ಮೊದಲೇ ಹೇಳಿಬಿಡ್ತೀನಿ. ಕರೆಂಟು ಒಂದನ್ನೇ ಲೆಕ್ಕ ಹಾಕಿದರೆ ಇದು ದುಬಾರಿ. ಲೈನಿನ ಕರೆಂಟೇ ಅಗ್ಗ. ಬಿಸಿಲನ್ನು ಅನಿಲ ಮಾಡಿ, ಅನಿಲವನ್ನು ಮತ್ತೆ ಕರೆಂಟು ಮಾಡುವಾಗ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತೆ. ಸೋರೋದರಲ್ಲಿ ಒಂದು ಪಾಲು ಶಾಖವಾಗಿ ಕೈಗೆ ಸಿಗುತ್ತೆ. ಆ ಶಾಖಕ್ಕೂ ಬೆಲೆ ಬಂದರೆ ಲೆಕ್ಕ ಸಮ ಆಗಬಹುದು. ಮೋಡದ ತಿಂಗಳಲ್ಲಿ ಅನಿಲ ಸಾಲದಿದ್ದರೆ ತುಂಬಿದ ಸಿಲಿಂಡರ್ ನಾವೇ ತರ್ತೀವಿ, ಅದರ ಖರ್ಚೂ ಸೇರುತ್ತೆ."

ವರ್ಷದ ಕೊನೆಗೆ ಖರ್ಚು ಒಂದು ಕಡೆ, ಉಳಿತಾಯ ಒಂದು ಕಡೆ ಬರೆಯುವುದು. ಸಮ ಬಂದರೆ ಸಣ್ಣ ಬಾಡಿಗೆಗೆ ಮಿಷನ್ನು ನಮ್ಮಲ್ಲೇ ಬಿಡುತ್ತಾರೆ. ಬರದಿದ್ದರೆ ಬಿಚ್ಚಿಕೊಂಡು ಹೋಗುತ್ತಾರೆ. ಕರಾರು ಅಷ್ಟೇ. ನನಗೆ ಅದರಲ್ಲಿ ತಿಳಿದದ್ದು ಒಂದೇ. ಅದು ಇದ್ದರೆ ನಿಮ್ಮ ತಾತ ಗೂಡಿಗೆ ಬಗ್ಗುವುದಿಲ್ಲ.

ಮಿಷನ್ನು ಬಂತು. ಬೀರುವಿನಷ್ಟು ಪೆಟ್ಟಿಗೆ, ಜೇನುಗೂಡಿನಂಥ ಸದ್ದು. ಅದರ ಒಂದು ಮೂಲೆಯಿಂದ ತೊಟ್ಟುತೊಟ್ಟಾಗಿ ನೀರು ಬೀಳುತ್ತಿತ್ತು. ಒಡೆದ ನೀರು ಮತ್ತೆ ನೀರಾಗಿ ಬರುತ್ತದೆಂದು ಇಂಜಿನಿಯರಮ್ಮ ಹೇಳಿದ್ದನ್ನು ಹಿರಿಯಳು ನಂಬಲಿಲ್ಲ. ಬೆರಳಿಗೆ ಹಿಡಿದು ನಾಲಗೆಗೆ ಇಟ್ಟುಕೊಂಡು, "ಉಪ್ಪೂ ಇಲ್ಲ, ಸಪ್ಪೂ ಇಲ್ಲ, ಇದೆಂಥ ನೀರೋ" ಎಂದಳು.

ಆ ವರ್ಷವನ್ನು ಹೇಗೆ ಬರೆಯಲಿ. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಹೊರಗೆ ಆಷಾಢದ ಜಡಿ, ನಿಮ್ಮ ತಾತ ಜಗಲಿಯ ಮೇಲೆ ಒಗೆದ ಅಂಗಿ ಹಾಕಿಕೊಂಡು ಕೂತಿರುವರು. ಬೇಕೆನಿಸಿದಾಗ ಎದ್ದು ಹೋಗಿ ಗೂಡಿನ ಬಾಗಿಲು ತೆರೆದು, ಒಂದು ಹೋಳು ತಂದು, ಮುರಿದು, ನನ್ನ ಕೈಗೆ ಕೊಡುವರು. ಹೋಳು ಮಲ್ಲಿಗೆಯಷ್ಟು ಬೆಳ್ಳಗಿರುತ್ತಿತ್ತು. ಎಣ್ಣೆಯನ್ನು ಕೊಳ್ಳಲು ಬಂದವರು ಇದಕ್ಕೆ ಏನು ಬೆರೆಸಿದ್ದೀರಿ ಎಂದು ಕೇಳಿದರು. ಗೌರಿಹಬ್ಬದ ಹೊತ್ತಿಗೆ ರಾತ್ರಿ ದಿಂಬಿಗೆ ಒರಗಿ ಕೂರುವುದು ನಿಂತು, ಮಲಗಿ ನಿದ್ದೆ ಮಾಡತೊಡಗಿದರು. ಒಂದು ಬೆಳಿಗ್ಗೆ ತೋಟದ ಆ ತುದಿಯಿಂದ "ಇವ್ಳೇ, ಕುಡುಗೋಲು ತತ್ತಾ" ಎಂದು ಕೂಗಿದರು. ಅಷ್ಟು ದೂರದಿಂದ ಅವರ ದನಿ ಕೇಳಿ ಎಷ್ಟು ವರ್ಷವಾಗಿತ್ತೋ. ನಾನು ಕುಡುಗೋಲು ಮರೆತು ಬರಿಗೈಲಿ ಹೋಗಿ ನಿಂತೆ. ಬೈದರು.

ಈಗ ಚಿಪ್ಪಿನ ವಿಷಯ. ಗೂಡಿನ ಶಾಖಕ್ಕೆ ಹೋಳು ಸ್ವಲ್ಪ ಒಣಗಿದಾಗ ಹೆಂಗಸರು ಅದನ್ನು ಚಿಪ್ಪಿನಿಂದ ಬಿಡಿಸುತ್ತಾರೆ. ಆ ಚಿಪ್ಪಿನಲ್ಲಿ ಗೂಡಿಗೆ ಬೇಕಾದಷ್ಟು ತೆಗೆದಿಟ್ಟು, ಸಂಜೆ ಹೋಗುವಾಗ ಒಬ್ಬೊಬ್ಬಳೂ ಒಂದು ಕುಕ್ಕೆ ಚಿಪ್ಪು ಹೊತ್ತುಕೊಂಡು ಹೋಗುವುದು ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದ ರೂಢಿ. ಕೂಲಿಯ ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಕೇಳುವವರೂ ಇಲ್ಲ, ಕೊಟ್ಟೆವೆನ್ನುವವರೂ ಇಲ್ಲ. ಮಿಷನ್ನು ಬಂದ ಮೇಲೆ ಗೂಡಿಗೆ ಚಿಪ್ಪು ಬೇಡವಾಯಿತು. ಚಪ್ಪರದಡಿ ಗುಡ್ಡೆ ಬಿತ್ತು.

"ಯಜಮಾನ್ರೇ, ಗುಡ್ಡೆ ಬೆಳೀತಾ ಐತೆ. ಹಾವು ಸೇರ್ಕಂಡಾವು" ಎಂದಳು ಹಿರಿಯಳು.

"ನಿಮ್ದೇ ಅಲ್ವೇನವ್ವ. ಹೊತ್ಕಂಡೋಗಿ. ಇದ್ಕೂ ನನ್ನ ಕೇಳ್ಬೇಕಾ."

ದಿನವೂ ಹೊತ್ತುಕೊಂಡು ಹೋದರು. ಆ ಮಳೆಗಾಲ ಅವರ ಕೇರಿಯಲ್ಲಿ ಎಲ್ಲರ ನೀರೊಲೆಯಲ್ಲೂ ನಮ್ಮ ಚಿಪ್ಪು ಉರಿಯಿತು. ನಿಮ್ಮ ತಾತನಿಗೆ ಅದು ಖುಷಿಯ ವಿಷಯ. ನನಗೂ ಖುಷಿಯೇ. ಮನೆಗೊಂದು ಒಳ್ಳೆಯದು ಬಂದಾಗ ಅದರಲ್ಲಿ ನಾಲ್ಕು ಜನಕ್ಕೆ ಪಾಲು ಹೋದರೆ ಅದು ಮನೆಯಲ್ಲಿ ಉಳಿಯುತ್ತದೆ ಎಂದುಕೊಂಡಿದ್ದೆ.

ವರ್ಷ ತುಂಬಿದ ಮೇಲೆ ಇಂಜಿನಿಯರಮ್ಮ ಲ್ಯಾಪ್‌ಟಾಪು ಹಿಡಿದು ಬಂದರು. ನಿಮ್ಮಮ್ಮ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ನಿಮ್ಮ ತಾತನೂ ಸೇರಿ ಮೂವರೂ ನಡುಮನೆಯಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದೆ, ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದು, ಒಲೆ ಆರಿಸಿ ನಿಂತಿದ್ದೆ.

ಖರ್ಚು ಬರೆದಾಯಿತು. ಕರೆಂಟು ಬಿಲ್ಲಿನಲ್ಲಿ ಉಳಿದದ್ದು ಬರೆದಾಯಿತು. ಇಷ್ಟಕ್ಕೆ ಸಮ ಬರುವುದಿಲ್ಲವೆಂದು ಮೊದಲೇ ಗೊತ್ತಿತ್ತು.

"ಇನ್ನು ಶಾಖ" ಎಂದರು ಇಂಜಿನಿಯರಮ್ಮ. "ಬೇಸಿಗೆಯಲ್ಲಿ ಮಿಷನ್ನಿನ ಶಾಖ ಬಳಸಿದಿರಾ?"

"ಬೇಸ್ಗೇಲಿ ಅಂಗಳ ಐತಲ್ಲ ತಾಯಿ. ಬಿಸ್ಲಿಗಿಂತ ಶಾಖ ಬೇಕಾ. ಸುಮ್ನೆ ಹೋಯ್ತು ಅದು."

"ಸರಿ. ಮಳೆಗಾಲದ್ದು ಮಾತ್ರ ಬರೀತೀನಿ. ಮೊದಲು ಗೂಡಿಗೆ ಚಿಪ್ಪು ಉರಿಸ್ತಿದ್ದಿರಲ್ಲ, ಅದಕ್ಕೆ ಎಷ್ಟು ಖರ್ಚಾಗ್ತಿತ್ತು?"

ನಿಮ್ಮ ತಾತ ನಕ್ಕರು. "ಚಿಪ್ಪಿಗೆ ಯಾರು ಕಾಸು ಕೊಡ್ತಾರೆ. ಕಾಯಿ ಜತೇಲೇ ಬತ್ತದೆ. ತೆಂಗಿನ ಸೀಮೇಲಿ ಶಾಖಕ್ಕೆ ಬರಾನಾ?"

"ಹಾಗಾದರೆ ಈ ವರ್ಷ ಉಳಿದ ಚಿಪ್ಪು? ಮಾರಿದಿರಾ?"

"ಹೆಂಗಸ್ರು ತಗಂಡೋದ್ರು."

ನಿಮ್ಮಮ್ಮ ಮುಂದೆ ಬಗ್ಗಿದಳು. "ಅಪ್ಪ, ಇದ್ದಿಲು ಮಾಡೋರು ಚಿಪ್ಪು ಕೊಂಡ್ಕೋತಾರೆ. ನೀನು ಮಾರಿದ್ರೆ ಎಷ್ಟು ಬರ್ತಿತ್ತೋ ಅದು ಹೇಳು. ಅಷ್ಟು ಬರೆದ್ರೂ ಸಾಕು."

"ಮಾರ್ದೆ ಇದ್ದಿದ್ದಕ್ಕೆ ಹೆಂಗ್ ಮಗಾ ಬೆಲೆ ಹೇಳಾದು."

"ಮಾರ್ಬೋದಾಗಿತ್ತಲ್ಲ. ಅದೇ ಲೆಕ್ಕ ಅಪ್ಪ. ನಾನು ಮಕ್ಕಳಿಗೆ ಪಾಠ ಮಾಡೋದೂ ಅದೇ."

"ನೀನು ಬೆಲೆ ಬರ್ದ್ರೆ ಅದು ನಂದಾಯ್ತದೆ. ನಂದು ಅಂತಾದ್ರೆ ಅವ್ರು ಹೊತ್ಕಂಡೋಗಿದ್ದು ಕೂಲಿ ಲೆಕ್ಕಕ್ಕೆ ಬತ್ತದೆ. ನಾಳೆ ಯಾವಳ ಕುಕ್ಕೇಲಿ ಎಷ್ಟಿತ್ತು ಅಂತ ನಾನು ನೋಡ್ತಾ ನಿಲ್ಲಾದಾ? ನಮ್ಮವ್ವ ಇದ್ದಿದ್ರೆ ಉಗೀತಿದ್ಲು."

ನಿಮ್ಮಮ್ಮ ಇನ್ನೊಂದು ಸಲ ಕೇಳಿದಳು. "ಹೋಗ್ಲಿ, ನಿನ್ನ ಕೆಮ್ಮು? ಕಮ್ಮಿ ಆಯ್ತಲ್ಲ, ಅದು?"

"ಉಸುರಿಗೂ ರೇಟು ಕಟ್ತೀಯಾ? ಬುಡು ಮಗಾ. ಸೊನ್ನೆ ಹಾಕು ತಾಯಿ. ಸುಳ್ಳು ಲೆಕ್ಕ ಬರ್ಸಿ ಮಿಷನ್ನು ಇಸ್ಕಂಡ ಅನ್ನಿಸ್ಕಳಾದು ಬ್ಯಾಡ."

ಇಂಜಿನಿಯರಮ್ಮ ಇನ್ನೂ ಕಾದರು. ಅವರ ಬೆರಳು ಲ್ಯಾಪ್‌ಟಾಪಿನ ಮೇಲೆ ನಿಂತದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅವರಿಗೂ ಮಿಷನ್ನು ಇಲ್ಲಿ ಉಳಿಯಲಿ ಎಂದೇ ಇತ್ತು. ಆಮೇಲೆ ಸೊನ್ನೆ ಒತ್ತಿದರು.

ಬಾಗಿಲ ಹಿಂದೆ ನಿಂತ ನನಗೆ ನಿಮ್ಮ ತಾತ ಹೇಳಿದ್ದು ಸರಿಯಾದ ಮಾತೆಂದೇ ಅನ್ನಿಸಿತು. ಶಾಖಕ್ಕೆ ನಾವು ಯಾವತ್ತೂ ದುಡ್ಡು ಕೊಟ್ಟಿರಲಿಲ್ಲ. ಒಲೆಗೆ ಚಿಪ್ಪು, ನೀರೊಲೆಗೆ ಮಟ್ಟೆ, ಬೆಂಕಿ ಹೊತ್ತಿಸಲು ಸೋಗೆ. ಮರವೇ ಉದುರಿಸಿಕೊಡುತ್ತದೆ. ಕೊಳ್ಳದ ವಸ್ತು ಉಳಿಯಿತೆಂದು ಹೇಗೆ ಬರೆಸುವುದು? ಆ ಸೊನ್ನೆಯ ಬಗ್ಗೆ ನನಗೆ ಹೆಮ್ಮೆಯೂ ಆಯಿತು. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ನೋಯುವುದು ಆ ಹೆಮ್ಮೆಯೇ.

ಲೆಕ್ಕ ಸಮ ಬರಲಿಲ್ಲ. ಕರಾರಿನಂತೆ ಬಿಚ್ಚಿಕೊಂಡು ಹೋದರು. ಹೋಗುವಾಗ ಇಂಜಿನಿಯರಮ್ಮ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. ನಾನು ಒಂದು ಬಾಟಲಿ ಎಣ್ಣೆ ಕೊಟ್ಟೆ. ಅಷ್ಟೇ.

ಮುಂಗಾರು ಬಂದಾಗ ಗೂಡಿಗೆ ಮತ್ತೆ ಬೆಂಕಿ ಬಿತ್ತು. ನಿಮ್ಮಮ್ಮ ಆಳು ಇಟ್ಟುಕೋ ಎಂದು ಜಗಳವಾಡಿದಳು. ಒಬ್ಬ ಬಂದ. ಅವನು ಸಾಲು ಹಾಕಿದ ಮೊದಲ ವಾರವೇ ಒಂದು ತಡಿಕೆ ಹೋಳು ಕಪ್ಪಾಯಿತು. ಬೆಳ್ಳನೆಯ ಎಣ್ಣೆಗೆ ಒಗ್ಗಿಕೊಂಡಿದ್ದ ಗಿರಾಕಿಗಳು ಮೂಸಿ ನೋಡಿ ಬಾಟಲಿ ಹಿಂದಕ್ಕೆ ಕೊಟ್ಟರು. ಮರುದಿನ ನಿಮ್ಮ ತಾತ ಟವೆಲು ಮೂಗಿಗೆ ಕಟ್ಟಿಕೊಂಡು ತಾವೇ ಒಳಗೆ ಬಗ್ಗಿದರು. ನಾನು ಬಾಗಿಲಲ್ಲಿ ಅಡ್ಡ ನಿಂತೆ. "ಸರಿ ಆಚೆಗೆ, ಬೆಂಕಿ ಸತ್ತೋಯ್ತದೆ" ಎಂದರು. ಸರಿದೆ. ಗಿರಾಕಿ ಹೋದರೆ ಕಸುಬು ಹೋಗುತ್ತದೆ, ಕಸುಬು ಹೋದರೆ ಈ ಮನುಷ್ಯ ಏನು ಮಾಡಿಕೊಂಡು ಕೂರುತ್ತಾರೆ ಎಂದು ನನಗೂ ತಿಳಿಯಲಿಲ್ಲ.

ಎರಡು ಮಳೆಗಾಲ ಹಾಗೆ ನಡೆಯಿತು. ಎರಡನೆಯದರ ಕೊನೆಗೆ ಜಗಲಿಯಿಂದ ಹಿತ್ತಲಿಗೆ ಹೋಗಲೂ ಅವರು ನಡುವೆ ಕೂರಬೇಕಾಯಿತು. ಡಾಕ್ಟರು ಮನೆಯಲ್ಲೇ ಆಮ್ಲಜನಕ ಇಟ್ಟುಕೊಳ್ಳಿ ಎಂದರು. ತಿಪಟೂರಿನಿಂದ ಸಿಲಿಂಡರು ಬಂತು. ಅದಕ್ಕೆ ಬಾಡಿಗೆ, ತುಂಬಿಸಲು ಬೇರೆ, ತಂದುಕೊಡುವ ಆಟೋಗೆ ಬೇರೆ. ಪ್ರತಿ ಸಲ ನಿಮ್ಮಮ್ಮನೇ ದುಡ್ಡು ಕೊಟ್ಟು ಬರುತ್ತಿದ್ದಳು. ಒಂದು ದಿನ ನಿಮ್ಮ ತಾತನೇ ಮೂಗಿನ ಮೇಲಿನ ಮಾಸ್ಕು ತೆಗೆದು ಕೇಳಿದರು: "ಉಸುರಿಗೆ ಎಷ್ಟಂತೆ ಮಗಾ ರೇಟು ಈಗ?" ತಮಾಷೆಗೇ ಕೇಳಿದ್ದು. ನಿಮ್ಮಮ್ಮ ಎದ್ದು ಹಿತ್ತಲಿಗೆ ಹೋದಳು. ಆ ವರ್ಷ ಮಳೆ ನಿಂತ ಮೇಲೆ ನಿಮ್ಮ ತಾತ ತೀರಿಕೊಂಡರು. ಪುಟ್ಟಿಗೆ ಸ್ವಲ್ಪ ನೆನಪಿರಬಹುದು. ಮರಿಗೆ ಇರಲಾರದು.

ಗಾಣ ನಿಲ್ಲಿಸಿದೆವು. ನಮ್ಮ ತೋಟದ ಒಡಕು ಕಾಯನ್ನಷ್ಟೇ ಬೇಸಿಗೆಯಲ್ಲಿ ಹೋಳು ಮಾಡಿಸಿ ಅಂಗಳದಲ್ಲಿ ಒಣಗಿಸಿ ಕೊಡುತ್ತೇನೆ. ಹೋದ ವರ್ಷ ಚಿಪ್ಪು ಕೊಳ್ಳುವವರ ಗಾಡಿ ಊರೊಳಗೇ ಬಂತು. ತಕ್ಕಡಿ ತೂಗುಹಾಕಿಕೊಂಡು ಮನೆಮನೆಯ ಮುಂದೆ ನಿಂತು ಕೇಳುತ್ತಾರೆ. ಅವರು ಹೇಳಿದ ಬೆಲೆ ಕೇಳಿ ಮೊದಲು ಕಾಯಿಗೆ ಹೇಳಿದರೆಂದು ತಿಳಿದೆ. ಹಿರಿಯಳು ನನ್ನ ಪಕ್ಕದಲ್ಲೇ ಹೋಳು ಹರಡುತ್ತಿದ್ದಳು. ಗಾಡಿ ಮುಂದೆ ಹೋದ ಮೇಲೆ, ಮಿಷನ್ನು ಯಾಕೆ ಹೋಯಿತೆಂದು ನಾನು ಅವಳಿಗೆ ಹೇಳಿದೆ. ಅಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ. ಕೆಟ್ಟುಹೋಯಿತೆಂದು ತಿಳಿದಿದ್ದಳಂತೆ.

ಅವಳು ಬಹಳ ಹೊತ್ತು ಕೈ ಆಡಿಸುತ್ತಲೇ ಇದ್ದಳು. ಆಮೇಲೆ ಹೇಳಿದಳು: "ನಮ್ಮ ಚಿಪ್ಪಿಗೋಸ್ಕರ ಹಂಗ್ ಮಾಡುದ್ರಾ? ನಮ್ಮನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ ಅಕ್ಕಯ್ಯ. ಚಿಪ್ಪಿಲ್ದೆ ನಮ್ಮನೇಲಿ ನೀರು ಕಾಯ್ತಿರ್ಲಿಲ್ವಾ? ತೋಟದ ತುಂಬ ಮಟ್ಟೆ ಬಿದ್ದಿತ್ತು. ಬೆಲೆ ಕಟ್ಟಿ ಬರ್ಕಳಿ ಅಂತ ನಾವೇ ಹೇಳ್ತಿದ್ವಲ್ಲ."

ಅವರನ್ನು ಕೇಳಬಹುದೆಂದು ಆ ದಿನ ನಡುಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವರು ಅಂಗಳದಲ್ಲೇ ಕೂತು ಕಾಯಿ ಒಡೆಯುತ್ತಿದ್ದರು, ಕತ್ತಿಯ ಸದ್ದು ಒಳಗೆ ಕೇಳುತ್ತಿತ್ತು. ಕೊಡುವ ನಮಗೂ ಮರ್ಯಾದೆ, ಹೊತ್ತೊಯ್ಯುವ ಅವರಿಗೂ ಮರ್ಯಾದೆ, ಅದನ್ನು ಕಾಪಾಡಬೇಕೆಂದೇ ನಿಮ್ಮ ತಾತ ಸೊನ್ನೆ ಹಾಕಿಸಿದರು.

ನಿಮ್ಮಮ್ಮ ಹೇಳಿದ ಇನ್ನೊಂದು ಸಂಗತಿ ಇದೆ. ಅದೇ ಮಿಷನ್ನನ್ನು ಒಂದು ಹಾಸ್ಟೆಲಿನಲ್ಲಿ ಹಾಕಿದರಂತೆ. ಅಲ್ಲಿ ಮಕ್ಕಳ ಸ್ನಾನದ ನೀರು ಕಾಯಿಸಲು ಮೊದಲು ಗ್ಯಾಸು ಕೊಳ್ಳುತ್ತಿದ್ದರಂತೆ, ಅದರ ಬಿಲ್ಲು ಇತ್ತಂತೆ. ಬಿಲ್ಲು ಇದ್ದ ಕಡೆ ಲೆಕ್ಕ ಸಮ ಬಂತು, ಮಿಷನ್ನು ಅಲ್ಲೇ ಉಳಿಯಿತು. ಬಿಸಿ ಅಲ್ಲೂ ಒಂದೇ, ನಮ್ಮ ಗೂಡಿನಲ್ಲೂ ಒಂದೇ. ನಮ್ಮ ಲೆಕ್ಕದಲ್ಲಿ ಕಮ್ಮಿ ಬಿದ್ದದ್ದು ಸ್ವಲ್ಪವೇ ಆಗಿತ್ತು, ಚಿಪ್ಪಿನ ಬೆಲೆ ಬರೆದಿದ್ದರೆ ಅದು ತುಂಬುತ್ತಿತ್ತು ಎಂದೂ ಹೇಳಿದಳು. ಹೇಳಿದ್ದು ಒಂದೇ ಸಲ. ಆಮೇಲೆ ಆ ಮಾತು ಎತ್ತಿಲ್ಲ.

ನಿಮ್ಮ ತಾತ ಲೆಕ್ಕ ಬಾರದವರೆಂದು ಮಾತ್ರ ತಿಳಿಯಬೇಡಿ. ಕಾಯನ್ನು ಕೈಯಲ್ಲಿ ಅಲ್ಲಾಡಿಸಿ ಎಷ್ಟು ಎಣ್ಣೆ ಬರುತ್ತದೆಂದು ಹೇಳುತ್ತಿದ್ದರು. ಕೊಳ್ಳುವುದಕ್ಕೂ ಮಾರುವುದಕ್ಕೂ ಅವರಿಗೆ ಲೆಕ್ಕ ಬರುತ್ತಿತ್ತು. ಸುಮ್ಮನೆ ಕೊಡುವುದನ್ನು, ಸುಮ್ಮನೆ ಸಿಗುವುದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ನನಗೆ ಈಗಲೂ ತಿಳಿದಿಲ್ಲ. ನೀವು ಓದಿದವರಾಗುತ್ತೀರಿ, ನಿಮಗೆ ತಿಳಿದರೆ ಒಳ್ಳೆಯದು.

ಇದನ್ನು ನಿಮ್ಮಮ್ಮನಿಗೆ ಈಗಲೇ ತೋರಿಸಬೇಡಿ. ಆವತ್ತು ಎರಡು ಸಲ ಕೇಳಿದವಳು ಅವಳು. ಮೂರನೇ ಸಲ ಯಾಕೆ ಕೇಳಲಿಲ್ಲವೆಂದು ಕೊರಗುತ್ತಾಳೆ. ಪುಟ್ಟಿ, ನೀನು ದೊಡ್ಡವಳು, ಹಾಳೆಗಳು ನಿನ್ನ ಹತ್ತಿರ ಇರಲಿ. ಹಳೆಯ ಪೇಪರಿನ ಜೊತೆ ಇಡಬೇಡ, ರದ್ದಿಯವನಿಗೆ ಹೋಗಿಬಿಡುತ್ತದೆ. ನಿನ್ನ ಬಟ್ಟೆಯ ಕೆಳಗೆ, ಇಲಿ ಬಾರದ ಕಡೆ ಇಡು. ಮರಿ ಕೇಳಿದರೆ ಓದಲು ಕೊಡು. ಓದಿಯಾದ ಮೇಲೆ ಎಲ್ಲ ಹಾಳೆಯನ್ನೂ ಎಣಿಸಿ ಇಸ್ಕೋ. ಅವನು ಹಾಳೆ ಕಂಡರೆ ದೋಣಿ ಮಾಡುತ್ತಾನೆ.